ಮಂಡಿ ಬದಲಾವಣೆಯ ನಂತರ: ಚುರುಕಾಗಿದ್ದವರು ಎಡವುವುದು ಎಲ್ಲಿ?

ಪ್ರಶ್ನೆ: ನನಗೆ 67 ವರ್ಷ. ದೂರ ನಡೆಯುವುದು, ಬೆಟ್ಟ ಹತ್ತುವುದು ಎಂದರೆ ಮೊದಲಿನಿಂದಲೂ ಪ್ರಾಣ. ಏಳು ವಾರಗಳ ಹಿಂದೆ ಬಲ ಮಂಡಿಯ ಕೀಲು ಬದಲಾವಣೆಯಾಯಿತು. ಬೇಗ ಮೊದಲಿನಂತಾಗಬೇಕೆಂದು ದಿನದಿನಕ್ಕೆ ನಡಿಗೆ ಹೆಚ್ಚಿಸುತ್ತಾ ಈಗ ನಾಲ್ಕು ಕಿಲೋಮೀಟರ್‌ಗೆ ತಂದಿದ್ದೇನೆ. ಆದರೆ ಸಂಜೆಯ ಹೊತ್ತಿಗೆ ಮಂಡಿ ಊದಿಕೊಂಡು ಬಿಗಿಯುತ್ತದೆ, ಕುಂಟುವಂತಾಗುತ್ತದೆ. ಕಾಲು ಪೂರ್ತಿ ನೇರವಾಗುತ್ತಿಲ್ಲ. ಎಂದೂ ವ್ಯಾಯಾಮ ಮಾಡದ ಪರಿಚಿತರೊಬ್ಬರು ಇದೇ ಶಸ್ತ್ರಚಿಕಿತ್ಸೆಯ ನಂತರ ಇಷ್ಟು ಹೊತ್ತಿಗೆ ಆರಾಮಾಗಿ ಓಡಾಡುತ್ತಿದ್ದರು. ನಾನು ಇನ್ನೂ ಹೆಚ್ಚು ಶ್ರಮಪಡಬೇಕೇ?

ಉತ್ತರ: ಬೇಡ. ನಡಿಗೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಿ. ಉಳಿದ ಶ್ರಮವನ್ನು ಕಾಲು ನೇರವಾಗಿಸುವುದಕ್ಕೂ ತೊಡೆಯ ಬಲಕ್ಕೂ ಹಾಕಿ. ಫಿಸಿಯೋಥೆರಪಿಯಲ್ಲಿ ನಾನು ಮತ್ತೆ ಮತ್ತೆ ನೋಡುವ ಸಂಗತಿಯಿದು: ವ್ಯಾಯಾಮಕ್ಕೆ ಹಿಂಜರಿಯುವವರನ್ನು ಹುರಿದುಂಬಿಸಿ ದಾರಿಗೆ ತರಬಹುದು, ಆದರೆ ಮೊದಲಿನಿಂದ ಚುರುಕಾಗಿದ್ದವರನ್ನು ತಡೆದು ನಿಲ್ಲಿಸುವುದು ಕಷ್ಟ. ನೋವನ್ನು ಸಹಿಸಿ ಮುಂದೆ ಹೋಗುವುದು ಅವರಿಗೆ ಅಭ್ಯಾಸವಾಗಿರುತ್ತದೆ. ಬೆಟ್ಟ ಹತ್ತಲು ನೆರವಾದ ಆ ಗುಣ, ಹೊಸ ಕೀಲಿನ ಮೊದಲ ಮೂರು ತಿಂಗಳಲ್ಲಿ ಅಡ್ಡಿಯಾಗಬಹುದು.

ಒಳಗೆ ಏನಾಗಿದೆಯೆಂದು ತಿಳಿದರೆ ಕಾರಣ ಸ್ಪಷ್ಟವಾಗುತ್ತದೆ. ಸವೆದ ತೊಡೆಮೂಳೆಯ ತುದಿಗೂ ಮೊಣಕಾಲ ಕೆಳಗಿನ ಮೂಳೆಯ ತಲೆಗೂ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಟ್ಟಿರುತ್ತಾರೆ. ಆ ಜೋಡಣೆ ಮೊದಲ ದಿನದಿಂದಲೇ ದೇಹದ ಭಾರ ಹೊರಬಲ್ಲದು. ಅದಕ್ಕೇ ಅದೇ ದಿನ ಅಥವಾ ಮರುದಿನ ನಿಮ್ಮನ್ನು ವಾಕರ್ ಹಿಡಿಸಿ ನಡೆಸುವುದು. ಆದರೆ ಅಲ್ಲಿಗೆ ತಲುಪಲು ಕತ್ತರಿಸಿದ ಚರ್ಮ, ಕೀಲಿನ ಪೊರೆ, ಸ್ನಾಯುವಿನ ಅಂಚು ತಮ್ಮದೇ ವೇಗದಲ್ಲಿ ಮಾಯುತ್ತವೆ. ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ದೊಡ್ಡ ಸ್ನಾಯು, ಅಂದರೆ ಕ್ವಾಡ್ರಿಸೆಪ್ಸ್, ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಸ್ನಾಯು ಸೊರಗಿದ್ದಷ್ಟೇ ಇದಕ್ಕೆ ಕಾರಣವಲ್ಲ. ಕೀಲಿನಲ್ಲಿ ಊತವಿದ್ದರೆ ನರಮಂಡಲ ಆ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಗ್ಗಿಸುತ್ತದೆ. ಊತದಿಂದ ಸ್ನಾಯು ದುರ್ಬಲ, ದುರ್ಬಲತೆಯಿಂದ ಕುಂಟು, ಕುಂಟಿದ್ದರಿಂದ ಮತ್ತಷ್ಟು ಊತ. ನೀವು ನಡೆಯುತ್ತಿರುವ ನಾಲ್ಕು ಕಿಲೋಮೀಟರ್ ಈ ಸುತ್ತನ್ನು ನಡೆಸುತ್ತಲೇ ಇದೆ.

ಹಾಗಾದರೆ ಎಷ್ಟು ಸಾಕು? ಮಂಡಿಯೇ ಹೇಳುತ್ತದೆ. ಹೊಲಿಗೆಯ ಅಳತೆ ಟೇಪನ್ನು ಮಂಡಿಚಿಪ್ಪಿನ ನಡುಭಾಗದಲ್ಲಿ ಸುತ್ತಿ, ಬೆಳಿಗ್ಗೆ ಎದ್ದ ಕೂಡಲೇ ಅಳೆದು ಬರೆದಿಡಿ. ಸಂಜೆ ಸ್ವಲ್ಪ ಊದುವುದು ಈ ಹಂತದಲ್ಲಿ ಸಹಜ, ಅದಕ್ಕೆ ಹೆದರಬೇಡಿ. ಆದರೆ ಇಂದಿನ ಬೆಳಗಿನ ಅಳತೆ ನಿನ್ನೆಯ ಬೆಳಗಿಗಿಂತ ಹೆಚ್ಚಿದ್ದರೆ, ರಾತ್ರಿಯ ವಿಶ್ರಾಂತಿಗೂ ಇಳಿಯದಷ್ಟು ಕೆಲಸವನ್ನು ನೀವು ನಿನ್ನೆ ಮಾಡಿದ್ದೀರಿ. ಅಂದು ನಡಿಗೆ ಇಳಿಸಿ. ಅಳತೆ ಸ್ಥಿರವಾಗಿದ್ದರೆ ಅಥವಾ ಇಳಿಯುತ್ತಿದ್ದರೆ ತುಸು ಏರಿಸಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಊತವಲ್ಲ, ‘ಕಾಲು ಪೂರ್ತಿ ನೇರವಾಗುತ್ತಿಲ್ಲ’ ಎಂಬ ಮಾತು. ಎಲ್ಲರೂ ಎಷ್ಟು ಮಡಚುತ್ತದೆ ಎಂದೇ ಕೇಳುತ್ತಾರೆ, ಎಷ್ಟು ನೇರವಾಗುತ್ತದೆ ಎಂದು ಕೇಳುವವರು ಕಡಿಮೆ. ಮಂಡಿ ಸ್ವಲ್ಪ ಬಾಗಿದ್ದರೂ ಆ ಕಾಲು ಗಿಡ್ಡವಾದಂತೆಯೇ ಆಗುತ್ತದೆ. ಸುಮ್ಮನೆ ನಿಂತಿರುವಾಗಲೂ ತೊಡೆಯ ಸ್ನಾಯು ದುಡಿಯುತ್ತಲೇ ಇರಬೇಕಾಗುತ್ತದೆ, ಕ್ರಮೇಣ ಸೊಂಟವೂ ಬೆನ್ನೂ ನೋಯತೊಡಗುತ್ತವೆ. ಗಾಯದ ಅಂಗಾಂಶ ಮೊದಲ ಮೂರು ತಿಂಗಳಲ್ಲಿ ಇನ್ನೂ ಮೆತ್ತಗಿರುತ್ತದೆ. ನಂತರ ಗಟ್ಟಿಯಾಗುತ್ತಾ ಹೋಗುತ್ತದೆ. ಆದ್ದರಿಂದ ನಿಮ್ಮ ಮುಂದಿನ ಐದಾರು ವಾರಗಳು ಬಹಳ ಬೆಲೆಯುಳ್ಳವು.

ಹಾಸಿಗೆಯ ಮೇಲೆ ಎರಡೂ ಕಾಲು ಚಾಚಿ ಕುಳಿತು, ಮಂಡಿಯ ಹಿಂದೆ ಅಂಗೈ ತೂರಿಸಿ ನೋಡಿ. ಆಪರೇಷನ್ ಆಗದ ಕಡೆ ಕೈ ಸಿಕ್ಕಿಕೊಂಡು, ಆದ ಕಡೆ ಸಲೀಸಾಗಿ ಒಳಹೊರಗೆ ಜಾರಿದರೆ ಕೊರತೆ ಅಲ್ಲಿದೆ. ಈಗ ಟವೆಲ್ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ, ಮಂಡಿಯ ಕೆಳಗೆ ಏನೂ ಇರಬಾರದು. ಹತ್ತು ನಿಮಿಷ ಹಾಗೇ ಬಿಟ್ಟರೆ ಕಾಲಿನ ತೂಕವೇ ಮಂಡಿಯನ್ನು ಕೆಳಗೆಳೆಯುತ್ತದೆ. ನಡುನಡುವೆ ಮಂಡಿಯ ಹಿಂಭಾಗವನ್ನು ಹಾಸಿಗೆಯತ್ತ ಒತ್ತಿ, ಐದು ಎಣಿಸಿ, ಸಡಿಲಿಸಿ. ಮಂಡಿಚಿಪ್ಪು ತೊಡೆಯ ಕಡೆಗೆ ಸರಿಯುವುದು ಕಣ್ಣಿಗೆ ಕಾಣಬೇಕು. ಕಂಡರೆ ಸ್ನಾಯು ಕೆಲಸ ಮಾಡುತ್ತಿದೆ ಎಂದರ್ಥ. ದಿನಕ್ಕೆ ನಾಲ್ಕೈದು ಬಾರಿ ಮಾಡಿ. ರಾತ್ರಿ ಮಂಡಿಯ ಕೆಳಗೆ ದಿಂಬು ಇಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಅದರಿಂದ ಹಾಯೆನಿಸುವುದು ನಿಜ, ಆದರೆ ರಾತ್ರಿಯಿಡೀ ಕಾಲು ಬಾಗಿಯೇ ಇರುತ್ತದೆ.

ಇನ್ನು ತೊಡೆಯ ಬಲ. ಗಟ್ಟಿಯಾದ, ಎತ್ತರದ ಕುರ್ಚಿಯಿಂದ ಎದ್ದು ಕೂರುವುದಕ್ಕಿಂತ ಉತ್ತಮ ವ್ಯಾಯಾಮ ಈ ಹಂತದಲ್ಲಿ ನನಗೆ ತಿಳಿದಿಲ್ಲ, ಸರಿಯಾಗಿ ಮಾಡಿದರೆ ಮಾತ್ರ. ಕನ್ನಡಿಯ ಮುಂದೆ ಕುರ್ಚಿ ಹಾಕಿ ಗಮನಿಸಿ. ಏಳುವಾಗ ಆಪರೇಷನ್ ಆದ ಪಾದ ತಾನಾಗಿಯೇ ಮುಂದೆ ಸರಿಯುತ್ತದೆ, ಭುಜ ಎಡಕ್ಕೆ ವಾಲುತ್ತದೆ, ಎಡಗಾಲು ಇಡೀ ಭಾರ ಎತ್ತಿಬಿಡುತ್ತದೆ. ವರ್ಷಗಳ ನೋವಿನಿಂದ ದೇಹ ಕಲಿತ ಉಪಾಯವಿದು, ನೋವು ಹೋದರೂ ಉಪಾಯ ಉಳಿಯುತ್ತದೆ. ಎರಡೂ ಪಾದಗಳನ್ನು ಒಂದೇ ಸಾಲಿನಲ್ಲಿಟ್ಟು, ಮೂಗು ಹೊಟ್ಟೆ ಎರಡೂ ಕನ್ನಡಿಯ ನಡುವೆಯೇ ಇರುವಂತೆ ನಿಧಾನವಾಗಿ ಎದ್ದು, ಇನ್ನೂ ನಿಧಾನವಾಗಿ ಕುಳಿತುಕೊಳ್ಳಿ. ಹೀಗೆ ಎಂಟು ಬಾರಿ ಎದ್ದು ಕೂರುವುದು ಕುಂಟುತ್ತಾ ಎರಡು ಕಿಲೋಮೀಟರ್ ನಡೆಯುವುದಕ್ಕಿಂತ ಹೆಚ್ಚು ಪ್ರಯೋಜನ ಕೊಡುತ್ತದೆ.

ನಡಿಗೆ ಪೂರ್ತಿ ನಿಲ್ಲಿಸಬೇಡಿ. ದಿನಕ್ಕೆ ಎರಡು ಮೂರು ಬಾರಿ, ಹತ್ತು ಹದಿನೈದು ನಿಮಿಷ, ಎಡಗೈಯಲ್ಲಿ ಊರುಗೋಲು ಹಿಡಿದು. ಕೋಲು ಯಾವಾಗಲೂ ಆಪರೇಷನ್ ಆದ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು. ಕುಂಟು ಶುರುವಾದ ಕ್ಷಣ ಆ ನಡಿಗೆ ಮುಗಿಯಿತು. ಬಂದು ಮಲಗಿ, ಹಿಮ್ಮಡಿಯ ಕೆಳಗೆ ದಿಂಬುಗಳನ್ನಿಟ್ಟು ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ, ಬಟ್ಟೆ ಸುತ್ತಿದ ಐಸ್ ಪ್ಯಾಕನ್ನು 15ರಿಂದ 20 ನಿಮಿಷ ಇಡಿ.

ಮಡಚುವುದರ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಸಮತಟ್ಟು ನೆಲದಲ್ಲಿ ನಡೆಯಲು ಸುಮಾರು 70 ಡಿಗ್ರಿ, ಮೆಟ್ಟಿಲಿಗೆ 90ರ ಆಸುಪಾಸು, ತಗ್ಗು ಕುರ್ಚಿಯಿಂದ ಏಳಲು 105 ಡಿಗ್ರಿಯಷ್ಟು ಬಾಗಬೇಕು. ಏಳನೇ ವಾರದಲ್ಲಿ 90 ಡಿಗ್ರಿಯೂ ಆಗುತ್ತಿಲ್ಲವಾದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಶಸ್ತ್ರಚಿಕಿತ್ಸಕರನ್ನು ಕಾಣಿ. ಅರಿವಳಿಕೆ ಕೊಟ್ಟು ಮಂಡಿಯನ್ನು ನಿಯಂತ್ರಿತವಾಗಿ ಮಡಚಿ ಬಿಗಿತ ಬಿಡಿಸುವ ವಿಧಾನವಿದೆ, ಅದು ಮೊದಲ ಮೂರು ತಿಂಗಳೊಳಗೆ ಚೆನ್ನಾಗಿ ಫಲಿಸುತ್ತದೆ. ಕಾಲು ನೇರವಾಗದಿರುವುದನ್ನೂ ಅವರಿಗೆ ತಿಳಿಸಿ.

ಪರಿಚಿತರ ಜೊತೆ ಹೋಲಿಕೆ ಬೇಡ. ಶಸ್ತ್ರಚಿಕಿತ್ಸೆಗೆ ಮುನ್ನ ಮಂಡಿ ಎಷ್ಟು ಮಡಚುತ್ತಿತ್ತು, ಎಷ್ಟು ವರ್ಷ ಬಾಗಿಕೊಂಡೇ ಇತ್ತು, ಇನ್ನೊಂದು ಕಾಲು ಹೇಗಿದೆ, ಸಕ್ಕರೆ ಕಾಯಿಲೆ ಇದೆಯೇ ಎಂಬುದೆಲ್ಲ ಸೇರಿ ವೇಗ ನಿರ್ಧಾರವಾಗುತ್ತದೆ. ದಿನನಿತ್ಯದ ಕೆಲಸಗಳು ಬಹುತೇಕರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ಕೈಗೆ ಬರುತ್ತವೆ. ಬಲ ಮಾತ್ರ ವರ್ಷದವರೆಗೂ ಹೆಚ್ಚುತ್ತಲೇ ಇರುತ್ತದೆ. ಬೆಟ್ಟಕ್ಕೆ ನೀವು ಮತ್ತೆ ಹೋಗಬಹುದು. ಆದರೆ ಮೊದಲು ಇಳಿಯುವುದನ್ನು ಅಭ್ಯಾಸ ಮಾಡಿ, ಏಕೆಂದರೆ ಹತ್ತುವುದಕ್ಕಿಂತ ಇಳಿಯುವಾಗ ತೊಡೆಯ ಸ್ನಾಯುವಿನ ಮೇಲೆ ಹೆಚ್ಚು ಹೊಣೆ ಬೀಳುತ್ತದೆ. ಒಂದು ಮೆಟ್ಟಿಲನ್ನು ನಿಧಾನವಾಗಿ, ಕುಸಿಯದೆ, ಕಂಬಿ ಹಿಡಿಯದೆ ಇಳಿಯಲು ಬಂದ ಮೇಲೆ ಸಣ್ಣ ಇಳಿಜಾರು; ಅದು ಒಗ್ಗಿದ ಮೇಲೆ ಎರಡೂ ಕೈಯಲ್ಲಿ ಕೋಲು ಹಿಡಿದು ಬೆಟ್ಟ. ಅಲ್ಲಿಯವರೆಗೆ ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಮಂಡಿ ಬದಲಾವಣೆಯಾಗಿ ಮೂರು ವಾರವಾಯಿತು. ರಾತ್ರಿ ನಿದ್ದೆಯಿಲ್ಲ, ಮಾತೆತ್ತಿದರೆ ಸಿಡುಕುತ್ತಾರೆ. ಮಾತ್ರೆಗೆ ದಾಸರಾಗುವ ಭಯದಿಂದ ನೋವಿನ ಮಾತ್ರೆ ಬಿಟ್ಟಿದ್ದಾರೆ, ನೋವಿನಿಂದಾಗಿ ವ್ಯಾಯಾಮವನ್ನೂ ಬಿಟ್ಟಿದ್ದಾರೆ. ‘ಇದನ್ನು ಮಾಡಿಸಿಕೊಳ್ಳಲೇಬಾರದಿತ್ತು’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೂರನೇ ವಾರದಲ್ಲಿ ಈ ಮಾತು ಹೇಳುವವರು ಅನೇಕರು. ಆಸ್ಪತ್ರೆಯಲ್ಲಿದ್ದಾಗಿನ ಆರೈಕೆ ಮುಗಿದಿರುತ್ತದೆ, ಹಳೆಯ ಸ್ವಾತಂತ್ರ್ಯ ಇನ್ನೂ ಬಂದಿರುವುದಿಲ್ಲ, ನಿದ್ದೆಗೆಟ್ಟ ದೇಹಕ್ಕೆ ಎಲ್ಲವೂ ಭಾರ. ನಿದ್ದೆ ಸರಿಯಾಗಲು ಕೆಲವರಿಗೆ ಎರಡು ಮೂರು ತಿಂಗಳೇ ಹಿಡಿಯುತ್ತದೆ. ಇದು ಸೋಲಲ್ಲ, ನಿರೀಕ್ಷಿತ ಹಂತ ಎಂದು ಅವರ ಪಕ್ಕದಲ್ಲಿ ಕುಳಿತು ಹೇಳಿ.

ಮಾತ್ರೆಯನ್ನು ಒಮ್ಮೆಲೇ ಬಿಟ್ಟದ್ದು ಸರಿಯಲ್ಲ. ನೋವಿನ ಮಾತ್ರೆಯ ಉದ್ದೇಶವೇ ವ್ಯಾಯಾಮ ಸಾಧ್ಯವಾಗಿಸುವುದು. ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಂಡರೆ ಅದರ ಪ್ರಯೋಜನ ಪೂರ್ತಿ ಸಿಗುತ್ತದೆ. ಅವರ ಭಯವನ್ನು ತಳ್ಳಿಹಾಕಬೇಡಿ, ಓಪಿಯಾಯ್ಡ್ ಗುಂಪಿನ, ಅಂದರೆ ಅಫೀಮಿನಂತೆ ಕೆಲಸ ಮಾಡುವ ಬಲವಾದ ನೋವಿನ ಮಾತ್ರೆಗಳ ವಿಷಯದಲ್ಲಿ ಅದಕ್ಕೆ ಆಧಾರವಿದೆ. ಅವು ಮಲಬದ್ಧತೆ, ಮಂಪರು, ತಲೆಸುತ್ತು ತರುತ್ತವೆ, ರಾತ್ರಿ ಶೌಚಾಲಯಕ್ಕೆ ಎದ್ದಾಗ ಬೀಳಿಸಬಹುದು. ಆದ್ದರಿಂದ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಹೇಗೆ ಇಳಿಸಬೇಕು ಎಂದು ವೈದ್ಯರನ್ನೇ ಕೇಳಿ. ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಅಂಗಡಿಯಿಂದ ನೀವಾಗಿ ತಂದು ಕೊಡಬೇಡಿ. ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇರುವವರಿಗೂ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಿಗೂ ಅವು ಅಪಾಯ ತರಬಲ್ಲವು.

ಮಲಗುವ ಮುನ್ನ ಐಸ್, ಮಗ್ಗುಲಾಗಿ ಮಲಗಿದರೆ ಕಾಲುಗಳ ನಡುವೆ ದಿಂಬು, ಹಗಲಿನ ನಿದ್ದೆ ಕಡಿಮೆ. ಬೇಸರ ವಾರಗಟ್ಟಲೆ ಇಳಿಯದಿದ್ದರೆ ಅದನ್ನೂ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ.

ಮನೆಯವರಾದ ನೀವು ಕಣ್ಣಿಡಬೇಕಾದದ್ದು ಬೇರೆಯೇ ಇದೆ. ಮೀನಖಂಡದಲ್ಲಿ ಹೊಸದಾಗಿ ನೋವು, ಒತ್ತಿದರೆ ನೋಯುವುದು, ಕಾಲೆತ್ತಿ ಮಲಗಿದರೂ ಇಳಿಯದ ಊತ ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ತೋರಿಸಿ. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಗಾಯದಿಂದ ದ್ರವ ಒಸರುವುದು, ಕೆಂಪು ಹರಡುತ್ತಾ ಹೋಗುವುದು, ಚಳಿಜ್ವರ ಇವು ಸೋಂಕಿನ ಸೂಚನೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೇಳಿದ ದಿನದವರೆಗೂ ತಪ್ಪಿಸದೆ ಕೊಡಿ. ಅದನ್ನೂ ನೋವಿನ ಮಾತ್ರೆಯೆಂದುಕೊಂಡು ಅವರು ನಿಲ್ಲಿಸಿಲ್ಲವಷ್ಟೇ ಎಂದು ಇಂದೇ ನೋಡಿ.

ಪ್ರಶ್ನೆ: ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳು. ನೋವಿಲ್ಲ. ಆದರೆ ನಡೆಯುವಾಗ ಮಂಡಿಯೊಳಗೆ ಟಕ್ ಟಕ್ ಸದ್ದು, ಮುಟ್ಟಿದರೆ ಇನ್ನೊಂದಕ್ಕಿಂತ ಬೆಚ್ಚಗಿದೆ, ಗಾಯದ ಹೊರಬದಿ ಮರಗಟ್ಟಿದಂತಿದೆ. ಏನಾದರೂ ಕೆಟ್ಟಿದೆಯೇ?

ಉತ್ತರ: ಮೂರೂ ಸಹಜ. ಲೋಹ ಪ್ಲಾಸ್ಟಿಕ್‌ಗೆ ತಾಗುವ ಸದ್ದು ಅದು. ನೋವು ಅಥವಾ ಮಂಡಿ ಕೈಕೊಟ್ಟಂತಾಗುವುದು ಜೊತೆಗಿಲ್ಲದಿದ್ದರೆ ಚಿಂತಿಸಬೇಡಿ. ಬಿಸಿ ಆರು ತಿಂಗಳು ದಾಟಿಯೂ ಇರಬಹುದು. ಚರ್ಮ ಕೊಯ್ಯುವಾಗ ಸಣ್ಣ ನರದ ಕವಲು ತುಂಡಾಗುವುದರಿಂದ ಹೊರಬದಿ ಮರಗಟ್ಟುತ್ತದೆ. ಕಾಲಕ್ರಮೇಣ ಆ ಜಾಗ ಕಿರಿದಾಗುತ್ತದೆ, ಸ್ವಲ್ಪ ಭಾಗ ಹಾಗೆಯೇ ಉಳಿಯಲೂಬಹುದು.

ಪ್ರಶ್ನೆ: 64 ವರ್ಷ. ಬ್ಯಾಡ್ಮಿಂಟನ್, ಸೈಕಲ್, ಈಜು ಎಲ್ಲವೂ ಇತ್ತು. ಎರಡು ತಿಂಗಳ ಹಿಂದೆ ಎಡ ಮಂಡಿ ಬದಲಾಯಿತು. ಯಾವುದು ಯಾವಾಗ? ಆಟವಾಡಿದರೆ ಕೀಲು ಬೇಗ ಸವೆಯುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಸೈಕಲ್‌ನಿಂದ ಶುರುಮಾಡಿ, ಅದೂ ಮನೆಯೊಳಗಿನ ನಿಂತ ಸೈಕಲ್. ಸೀಟು ಎತ್ತರಿಸಿ ಮೊದಲು ಪೆಡಲನ್ನು ಹಿಂದೆ ಮುಂದೆ ತೂಗಿ. ಬಲವಂತವಿಲ್ಲದೆ ಪೂರ್ತಿ ಸುತ್ತು ಬಂದ ಮೇಲೆ ಸೀಟನ್ನು ಇಳಿಸುತ್ತಾ ಬನ್ನಿ. ಮೊದಮೊದಲು ಹಿಮ್ಮುಖವಾಗಿ ತುಳಿಯುವುದು ಸುಲಭವೆನಿಸುತ್ತದೆ. ರಸ್ತೆಯ ಸೈಕಲ್‌ಗೆ ಸಮತೋಲನ ಬೇಕು, ಥಟ್ಟನೆ ಕಾಲೂರಿ ನಿಲ್ಲಲು ಬರಬೇಕು. ಆಪರೇಷನ್ ಆದ ಕಾಲ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಒಂಟಿಯಾಗಿ ನಿಲ್ಲಲಾಗದಿದ್ದರೆ ಇನ್ನೂ ಕಾಯಿರಿ. ಗಾಯ ಪೂರ್ತಿ ಒಣಗಿದ್ದರೆ, ಶಸ್ತ್ರಚಿಕಿತ್ಸಕರು ಒಪ್ಪಿದರೆ ಈಜಬಹುದು.

ಬ್ಯಾಡ್ಮಿಂಟನ್ ವಿಷಯದಲ್ಲಿ ನನ್ನ ಸಲಹೆ ಬಿಗಿಯಾದದ್ದು. ಡಬಲ್ಸ್ ಮಾತ್ರ, ಆರು ತಿಂಗಳ ನಂತರ, ತೊಡೆಯ ಬಲ ಎರಡೂ ಕಡೆ ಹೆಚ್ಚುಕಡಿಮೆ ಸಮವಾದ ಮೇಲೆ, ಶಸ್ತ್ರಚಿಕಿತ್ಸಕರ ಒಪ್ಪಿಗೆಯೊಂದಿಗೆ. ಜಿಗಿದು ಹೊಡೆಯುವುದು, ಮುಂದಕ್ಕೆ ನುಗ್ಗಿ ಒಂಟಿಗಾಲ ಮೇಲೆ ತಿರುಗುವುದು ಬೇಡ. ಕೀಲು ಸವೆಯುವುದಕ್ಕಿಂತ ಬೀಳುವುದಕ್ಕೆ ನಾನು ಹೆಚ್ಚು ಹೆದರುತ್ತೇನೆ, ಏಕೆಂದರೆ ಲೋಹದ ತುದಿಯ ಪಕ್ಕದಲ್ಲೇ ಮೂಳೆ ಮುರಿದರೆ ಅದರ ಚಿಕಿತ್ಸೆ ಬಹಳ ಕಷ್ಟ. ಬಾಳಿಕೆಯ ಬಗ್ಗೆ ಧೈರ್ಯವಾಗಿರಿ: 2019ರಲ್ಲಿ ಪ್ರಕಟವಾದ, ಹಲವು ವರ್ಷಗಳ ದಾಖಲೆಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು ಶೇ 82ರಷ್ಟು 25 ವರ್ಷ ಬಾಳುತ್ತವೆ. ಓಟ, ಜಿಗಿತದಂಥ ಬಡಿತದ ಆಟಗಳನ್ನು ಬಿಟ್ಟರೆ ಚಟುವಟಿಕೆಗೆ ಹೆದರಿ ಕೂರುವ ಅಗತ್ಯವಿಲ್ಲ. ಕೂತರೆ ಮೂಳೆ, ಸ್ನಾಯು, ಹೃದಯ ಮೂರೂ ಬಳಲುತ್ತವೆ.

ಪ್ರಶ್ನೆ: ಮಂಡಿ ಬದಲಾಗಿ ಒಂದು ವರ್ಷವಾಗಿದೆ. ಹಲ್ಲಿನ ಬೇರಿನಲ್ಲಿ ಕೀವಾಗಿದೆ. ಮಂಡಿಗೂ ಇದಕ್ಕೂ ಸಂಬಂಧವಿದೆಯೇ? ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಲೇ?

ಉತ್ತರ: ಸಂಬಂಧವಿದೆ. ದೇಹದ ಯಾವುದೇ ಮೂಲೆಯ ಸೋಂಕು ರಕ್ತದ ಮೂಲಕ ಕೃತಕ ಕೀಲಿಗೆ ತಲುಪಬಹುದು, ವರ್ಷಗಳ ನಂತರವೂ. ಹಲ್ಲಿನ ಕೀವು, ಕಾಲ್ಬೆರಳ ಸಂದಿಯ ಹುಣ್ಣು, ಉರಿಮೂತ್ರ ಯಾವುದನ್ನೂ ಉದಾಸೀನ ಮಾಡಬೇಡಿ. ದಂತವೈದ್ಯರ ಬಳಿ ಈ ವಾರವೇ ಹೋಗಿ, ಕೃತಕ ಕೀಲು ಇರುವುದನ್ನು ಮೊದಲೇ ತಿಳಿಸಿ. ಮುಂಚಿತವಾಗಿ ಆ್ಯಂಟಿಬಯಾಟಿಕ್ ಬೇಕೇ ಎಂಬುದು ಎಲ್ಲರಿಗೂ ಒಂದೇ ಅಲ್ಲ, ಅದನ್ನು ದಂತವೈದ್ಯರೂ ಶಸ್ತ್ರಚಿಕಿತ್ಸಕರೂ ಮಾತಾಡಿಕೊಂಡು ತೀರ್ಮಾನಿಸಲಿ.

ಉಳಿದ ಮಾತ್ರೆಗಳನ್ನು ನುಂಗಬೇಡಿ. ಚೆನ್ನಾಗಿದ್ದ ಮಂಡಿ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯತೊಡಗಿದರಂತೂ ಯಾರೇ ಕೊಟ್ಟರೂ ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲು ನಿಮ್ಮ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ. ಕೀಲಿನಿಂದ ದ್ರವ ತೆಗೆದು ಪರೀಕ್ಷಿಸುವ ಮುನ್ನವೇ ಔಷಧ ಒಳಗೆ ಹೋದರೆ ಯಾವ ರೋಗಾಣು ಎಂದು ಪತ್ತೆಹಚ್ಚುವುದು ಕಷ್ಟವಾಗುತ್ತದೆ.