ಹಳೆಯ ಕಾರ್ಖಾನೆಯಲ್ಲಿ ಎಚ್‌ಡಿಆರ್ ಕಲಿಯಲು ಮ್ಯಾನುಯಲ್ ಲೆನ್ಸ್ ಸಾಕಾ?

ಫಿಲ್ಮ್ ಕಾಲದ ಮ್ಯಾನುಯಲ್ ಲೆನ್ಸ್‌ಗಳಿಗೆ ಅಡಾಪ್ಟರ್ ಹಾಕಿ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬಳಸುತ್ತಿದ್ದೀರಿ. ಮುಚ್ಚಿದ ಕಾರ್ಖಾನೆಗಳ ಒಳಗೆ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್, ಅಂದರೆ ತೀರಾ ಬೆಳಕು ಮತ್ತು ತೀರಾ ಕತ್ತಲೆ ಎರಡರ ವಿವರವೂ ಒಂದೇ ಚಿತ್ರದಲ್ಲಿ) ಕಲಿಯಬೇಕು, ಅದಕ್ಕೆ ಆಟೋಫೋಕಸ್ ಇರುವ ಹೊಸ ಲೆನ್ಸ್ ಬೇಕೇ ಬೇಕಾ ಅಂತ ಕೇಳಿದ್ದೀರಿ. ಬೇಡ. ನನ್ನ ಮಟ್ಟಿಗೆ ಈ ಕೆಲಸಕ್ಕೆ ಮ್ಯಾನುಯಲ್ ಲೆನ್ಸೇ ವಾಸಿ. ಒಂದು ತೊಂದರೆ ಇದೆ, ಅದು ದೊಡ್ಡದೇ. ಅದಕ್ಕೆ ಆಮೇಲೆ ಬರುತ್ತೇನೆ.

ಎಚ್‌ಡಿಆರ್‌ನಲ್ಲಿ ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆದು ಸೇರಿಸುತ್ತೇವೆ. ಫ್ರೇಮಿನಿಂದ ಫ್ರೇಮಿಗೆ ಶಟರ್ ವೇಗ ಮಾತ್ರ ಬದಲಾಗಬೇಕು, ಉಳಿದದ್ದು ಅಲ್ಲಾಡಬಾರದು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ರಿಂಗನ್ನು ಎಫ್ 8ಕ್ಕೆ ತಿರುಗಿಸಿ ಬಿಟ್ಟರೆ ಅದು ಅಲ್ಲೇ ಇರುತ್ತದೆ. ಫೋಕಸ್ಸೂ ಅಷ್ಟೆ. ಆಟೋಫೋಕಸ್ ಲೆನ್ಸ್ ಕತ್ತಲೆಯಲ್ಲಿ ಫೋಕಸ್ ಹುಡುಕುತ್ತಾ ಕೂರುತ್ತದೆ, ಎರಡನೇ ಫ್ರೇಮಿಗೆ ಇನ್ನೆಲ್ಲೋ ನಿಲ್ಲುತ್ತದೆ. ಫೋಕಸ್ ಮಾಡುವಾಗ ಪರದೆಯಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿ. ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡಿದ್ದರೆ, ಎಫ್ 8ಕ್ಕೆ ತಂದ ಮೇಲೆ ಇನ್ನೊಮ್ಮೆ ನೋಡಿ. ಕೆಲವು ಹಳೆಯ ಲೆನ್ಸ್‌ಗಳಲ್ಲಿ ಅಪರ್ಚರ್ ಕಿರಿದಾದಾಗ ಫೋಕಸ್ ಸ್ವಲ್ಪ ಸರಿಯುತ್ತದೆ. ಕ್ಯಾಮೆರಾ ಶಟರ್ ಒತ್ತಲು ಬಿಡದಿದ್ದರೆ, ಲೆನ್ಸ್ ಇಲ್ಲದೆಯೂ ಫೋಟೋ ತೆಗೆಯುವ ಆಯ್ಕೆ ಮೆನುವಿನಲ್ಲಿರುತ್ತದೆ, ಆನ್ ಮಾಡಿ.

ಮೋಡ್ ಎಂ, ಐಎಸ್‌ಒ 100, ರಾ ಫೈಲ್, ವೈಟ್ ಬ್ಯಾಲೆನ್ಸ್ ಒಂದೇ ಕಡೆ. ಈಗಿನ ಒಳ್ಳೆಯ ಸೆನ್ಸರ್ ಕಡಿಮೆ ಐಎಸ್‌ಒದಲ್ಲಿ ಹೆಚ್ಚುಕಡಿಮೆ 12ರಿಂದ 14 ಸ್ಟಾಪ್ ಹಿಡಿಯುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಆದರೆ ಮೇಲೆ ಒಡೆದ ಕಿಟಕಿಯಲ್ಲಿ ಬಿಸಿಲು, ಕೆಳಗೆ ಯಂತ್ರದ ಹೊಟ್ಟೆಯೊಳಗೆ ಕತ್ತಲೆ ಇದ್ದರೆ ಅದು ಸಾಲದು. ಮೊದಲು ಕಿಟಕಿಗೆ ಅಳತೆ ಮಾಡಿ. ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ಎಷ್ಟಿದೆ ಅಂತ ಪರದೆಯಲ್ಲಿ ತೋರಿಸುವ ನಕ್ಷೆ) ಬಲಗಡೆಯ ಗೋಡೆಗೆ ಬಡಿಯದಿರುವ ಶಟರ್ ವೇಗ ಹುಡುಕಿ. ಅದು 1/250 ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಎರಡೆರಡು ಸ್ಟಾಪ್ ಏರಿಸುತ್ತಾ ಹೋಗಿ: 1/60, 1/15, 1/4, 1 ಸೆಕೆಂಡ್, 4 ಸೆಕೆಂಡ್. ನಿಮಗೆ ಬೇಕಾದ ನೆರಳಿನ ಭಾಗ ಹಿಸ್ಟೋಗ್ರಾಮಿನ ನಡುವಿಗೆ ಬಂದಾಗ ನಿಲ್ಲಿಸಿ. ಕ್ಯಾಮೆರಾ ತಾನೇ ಎಕ್ಸ್‌ಪೋಷರ್ ಬದಲಿಸಿ ತೆಗೆಯುವ ಆಟೋ ಬ್ರಾಕೆಟಿಂಗ್ ಮೂರು ಫ್ರೇಮಿಗೇ ಮುಗಿದುಬಿಟ್ಟರೆ ಡಯಲ್ ತಿರುಗಿಸಿ ಕೈಯಾರೆ ಮಾಡಿ, ಕಲಿಯುವಾಗ ಅದೇ ಒಳ್ಳೆಯದು. ಟ್ರೈಪಾಡ್ ಮೇಲಿದ್ದಾಗ ಕ್ಯಾಮೆರಾದ ಸ್ಟೆಬಿಲೈಸೇಷನ್ ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಇಡಿ. ಕಬ್ಬಿಣದ ಜಾಲರಿ ನೆಲದ ಮೇಲೆ ನಿಂತಿದ್ದರೆ ನೀವು ಕಾಲು ಬದಲಿಸಿದರೂ ಟ್ರೈಪಾಡ್ ನಡುಗುತ್ತದೆ. ಆ 4 ಸೆಕೆಂಡ್ ಸುಮ್ನೆ ನಿಂತುಬಿಡಿ.

ಈಗ ಆ ತೊಂದರೆ. ಹಳೆಯ ಲೆನ್ಸ್‌ಗಳಲ್ಲಿ ಅನೇಕವುಗಳ ಗಾಜಿನ ಮೇಲೆ ಪ್ರತಿಫಲನ ತಡೆಯುವ ಲೇಪ ಒಂದೇ ಪದರ. ತುಂಬಾ ಹಳೆಯದಾದರೆ ಲೇಪವೇ ಇರುವುದಿಲ್ಲ. ಕಿಟಕಿಯ ಬೆಳಕು ಗಾಜಿನಿಂದ ಗಾಜಿಗೆ, ಗಾಜಿನಿಂದ ಕೊಳವೆಯ ಗೋಡೆಗೆ ಬಡಿದು, ಕೊನೆಗೆ ಚಿತ್ರದ ಕತ್ತಲೆ ಭಾಗದ ಮೇಲೆ ತೆಳುವಾದ ಬಿಳಿ ಮಬ್ಬಾಗಿ ಹರಡುತ್ತದೆ. ನೆರಳಿನಲ್ಲಿ ವಿವರ ಸಿಗಲಿಲ್ಲ ಅಂತ 15 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ ಏನಾಗುತ್ತದೆ? ವಿವರದ ಜೊತೆ ಮಬ್ಬೂ ಅಷ್ಟೇ ಹೆಚ್ಚುತ್ತದೆ. ಫ್ರೇಮ್ ಎಷ್ಟು ಜಾಸ್ತಿ ಮಾಡಿದರೂ ಅಷ್ಟೆ. ಎಚ್‌ಡಿಆರ್‌ಗೆ ಕೊನೆಗೆ ಮಿತಿ ಹಾಕುವುದು ಲೆನ್ಸಿನೊಳಗಿನ ಈ ಚದುರಿದ ಬೆಳಕೇ ಅಂತ ಸಂಶೋಧಕರಾದ ಜಾನ್ ಮೆಕ್‌ಕ್ಯಾನ್ ಮತ್ತು ಅಲೆಸ್ಸಾಂಡ್ರೊ ರಿಝಿ 2007ರಲ್ಲೇ ಅಳೆದು ತೋರಿಸಿದ್ದಾರೆ. ಟ್ಯುಟೋರಿಯಲ್‌ಗಳು ಸಾಫ್ಟ್‌ವೇರಿನ ಸ್ಲೈಡರ್ ತೋರಿಸುವ ಭರದಲ್ಲಿ ಇದನ್ನು ಬಿಟ್ಟುಬಿಡುತ್ತವೆ.

ನಿಮ್ಮ ಲೆನ್ಸ್ ಎಷ್ಟು ಮಬ್ಬು ಮಾಡುತ್ತದೆ ಅಂತ ನೋಡುವುದು ಸುಲಭ. ಕಿಟಕಿ ಫ್ರೇಮಿನೊಳಗೆ ಇರುವಂತೆ ಒಂದು ಉದ್ದದ ಎಕ್ಸ್‌ಪೋಷರ್ ತೆಗೆಯಿರಿ. ಆಮೇಲೆ ಏನನ್ನೂ ಬದಲಿಸದೆ, ಲೆನ್ಸಿನ ಮುಂದೆ ತೋಳು ಚಾಚಿ ಕಪ್ಪು ರಟ್ಟಿನಿಂದ ಕಿಟಕಿಯನ್ನಷ್ಟೇ ಮರೆಮಾಡಿ ಇನ್ನೊಂದು ತೆಗೆಯಿರಿ. ಎರಡರಲ್ಲೂ ಅದೇ ಕತ್ತಲೆ ಮೂಲೆಯನ್ನು ಹೋಲಿಸಿ. ರಟ್ಟು ಹಿಡಿದಾಗ ಕಪ್ಪು ಗಟ್ಟಿಯಾಗಿ ಕಂಡರೆ, ಆ ವ್ಯತ್ಯಾಸವೇ ಮಬ್ಬು. (ಈ ರಟ್ಟಿನ ಫ್ರೇಮನ್ನು ನೆರಳಿನ ಭಾಗಕ್ಕೆ ಮಾಸ್ಕ್ ಹಾಕಿ ಬಳಸಿಕೊಳ್ಳಲೂಬಹುದು, ನಾನು ಬಳಸುತ್ತೇನೆ.) ಟಾರ್ಚ್ ಹಾಕಿ ಲೆನ್ಸಿನೊಳಗೆ ನೋಡಿ. ಮಂಜಿನಂಥ ಪದರ ಇದ್ದರೆ ಮೊದಲು ಅದನ್ನು ಶುಚಿ ಮಾಡಿಸಿ. ಮುಂದಿನ ಫಿಲ್ಟರ್ ತೆಗೆಯಿರಿ, ಹುಡ್ ಹಾಕಿ. ಅಗ್ಗದ ಅಡಾಪ್ಟರ್‌ಗಳ ಒಳಗೋಡೆ ಹೊಳೆಯುತ್ತದೆ, ಅಲ್ಲಿಗೆ ಕಪ್ಪು ವೆಲ್ವೆಟ್ ಅಂಟಿಸಿ. ಎಲ್ಲಕ್ಕಿಂತ ದೊಡ್ಡ ಪರಿಹಾರ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಒಂದು ಕಂಬದ ಹಿಂದೆ ಕಿಟಕಿಯನ್ನು ಅಡಗಿಸುವುದು. ಮೋಡದ ದಿನ ಹೋದರೆ ಅರ್ಧ ಸಮಸ್ಯೆಯೇ ಇರುವುದಿಲ್ಲ. ಜರ್ಮನಿಯ ಛಾಯಾಗ್ರಾಹಕರಾದ ಬೆರ್ನ್ಡ್ ಮತ್ತು ಹಿಲ್ಲಾ ಬೆಹರ್ ದಂಪತಿ ಕುಲುಮೆ, ನೀರಿನ ಗೋಪುರಗಳನ್ನು ಮೋಡ ಕವಿದ ಬೆಳಕಿನಲ್ಲೇ ತೆಗೆಯುತ್ತಿದ್ದರು. ಹೊರಗಿನ ಚಿತ್ರಗಳಿಗೆ ಆ ಬೆಳಕಿದ್ದರೆ ಎಚ್‌ಡಿಆರ್ ಬೇಕಾಗುವುದೇ ಅಪರೂಪ.

ಫ್ರೇಮ್‌ಗಳನ್ನು ಸೇರಿಸಲು ಎರಡು ದಾರಿ. ಸಂಶೋಧಕರಾದ ಡೆಬೆವೆಕ್ ಮತ್ತು ಮಲಿಕ್ 1997ರಲ್ಲಿ ತೋರಿಸಿದ ದಾರಿಯಲ್ಲಿ ಮೊದಲು ದೃಶ್ಯದ ನಿಜವಾದ ಬೆಳಕಿನ ಪ್ರಮಾಣ ಲೆಕ್ಕ ಹಾಕಿ, ಆಮೇಲೆ ಟೋನ್ ಮ್ಯಾಪಿಂಗ್ ಮಾಡಿ ಪರದೆಗೆ ಹೊಂದಿಸುತ್ತಾರೆ. ಇನ್ನೊಂದು ಎಕ್ಸ್‌ಪೋಷರ್ ಫ್ಯೂಷನ್, ಪ್ರತಿ ಫ್ರೇಮಿನಲ್ಲಿ ಚೆನ್ನಾಗಿ ಬಂದ ಭಾಗಕ್ಕೆ ಹೆಚ್ಚು ತೂಕ ಕೊಟ್ಟು ಬೆರೆಸುವುದು. ಉಚಿತವಾಗಿ ಸಿಗುವ ಎನ್‌ಫ್ಯೂಸ್ ಅನ್ನುವ ಸಾಫ್ಟ್‌ವೇರ್ ಮಾಡುವುದು ಇದನ್ನೇ. ನೀವು ಫ್ಯೂಷನ್‌ನಿಂದ ಶುರು ಮಾಡಿ, ನೋಡಲು ಸಹಜವಾಗಿ ಬರುತ್ತದೆ. ತುಕ್ಕು, ಎಣ್ಣೆ ಜಿಡ್ಡು, ಉದುರಿದ ಬಣ್ಣ ಕಂಡ ತಕ್ಷಣ ಸ್ಲೈಡರ್ ಎಳೆಯುವ ಆಸೆ ಆಗುತ್ತದೆ, ಅಲ್ವಾ? ತುಕ್ಕು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಎಳೆದದ್ದು ಜಾಸ್ತಿಯಾಯಿತು ಅಂತ ಅರ್ಥ. ನಾನು ನೋಡುವ ಪರೀಕ್ಷೆ ಒಂದೇ: ಗೋಡೆಗಿಂತ ಕಿಟಕಿ ಇನ್ನೂ ಬೆಳಗಿದೆಯಾ? ಯಂತ್ರದ ಅಡಿ ಇನ್ನೂ ಕಪ್ಪಾಗಿದೆಯಾ? ಆ ಕ್ರಮ ತಲೆಕೆಳಗಾದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಚಿತ್ರ ಸುಳ್ಳು ಅನ್ನಿಸುತ್ತದೆ.

ಜಾಗದ ಬಗ್ಗೆ: ಅನುಮತಿ ಇಲ್ಲದೆ ಒಳಗೆ ಹೋಗಬೇಡಿ. ತುಕ್ಕು ತಿಂದ ಮೆಟ್ಟಿಲು, ಮುಚ್ಚಳವಿಲ್ಲದ ಗುಂಡಿ, ಕಲ್ನಾರಿನ ಧೂಳು ಯಾವುದೂ ತಮಾಷೆಯಲ್ಲ. ಜರ್ಮನಿಯ ಫೋಲ್ಕ್ಲಿಂಗೆನ್ ಕಬ್ಬಿಣದ ಕಾರ್ಖಾನೆ 1986ರಲ್ಲಿ ಕೆಲಸ ನಿಲ್ಲಿಸಿ, 1994ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಈಗ ಅಲ್ಲಿ ಟಿಕೆಟ್ ತೆಗೆದುಕೊಂಡು ಓಡಾಡಬಹುದು. ಅಂಥ ಕಾಪಾಡಿದ ಜಾಗ ನಿಮಗೆ ಹತ್ತಿರವಿದ್ದರೆ ಅಲ್ಲೇ ಕಲಿಯಿರಿ, ಟ್ರೈಪಾಡ್ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಒಳಗೆ ಲೆನ್ಸ್ ಬದಲಿಸಬೇಡಿ. ಸೆನ್ಸರ್ ಮೇಲೆ ಕೂತ ಧೂಳು ಎಫ್ 11ರಲ್ಲಿ ಚೆನ್ನಾಗಿ ಎದ್ದು ಕಾಣುತ್ತದೆ, ಅದೂ ಎಲ್ಲ ಫ್ರೇಮಿನಲ್ಲಿ ಅದೇ ಜಾಗದಲ್ಲಿ.

ಒಂದೇ ಲೆನ್ಸ್ ಅಂದರೆ ಯಾವುದು? 28 ಎಂಎಂ ಇದ್ದರೆ ಇಡೀ ಹಜಾರ ಸಿಗುತ್ತದೆ, ಜೊತೆಗೆ ಎಲ್ಲ ಕಿಟಕಿಗಳೂ ಬಂದು ಕೂರುತ್ತವೆ. ಮೊದಲ ಸಲಕ್ಕೆ 50 ಎಂಎಂ ಹಾಕಿ. ಕಿಟಕಿಗೆ ಬೆನ್ನು ಮಾಡಿ, ವಾಲ್ವ್, ಗೇರ್, ಒತ್ತಡದ ಮೀಟರ್‌ಗಳಿಂದ ಶುರು ಮಾಡಿ. ಮೂರು ಫ್ರೇಮ್ ಸಾಕಾಗುತ್ತದೆ.