ಕಕ್ಕಡದಲ್ಲಿ ಹೆಚ್ಚಿದ ಬಾಡಿಗೆ

ಗುರುತು ಸಿಗದಿರಲೆಂದು ಊರು, ವಯಸ್ಸು ಮತ್ತು ಕೆಲವು ಲೆಕ್ಕಗಳನ್ನು ಬದಲಿಸಿದ್ದೇನೆ. ಸಲಹೆ ಕೇಳಿ ನನ್ನ ಬಳಿ ಬಂದವರು ಅರವತ್ತರ ಸಮೀಪದ ವಿಧವೆ. ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ ಅವರಿಗೆ ಎರಡು ಎಕರೆ ಕಾಫಿ ತೋಟವೂ, ತೋಟದಂಚಿನಲ್ಲಿ ಗಂಡ ಕಟ್ಟಿಸಿದ ನಾಲ್ಕು ಕೋಣೆಗಳ ಹೋಂಸ್ಟೇಯೂ ಇದ್ದವು. ಒಬ್ಬರೇ ನಡೆಸಲಾಗದೆ ಹೋಂಸ್ಟೇಯನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ಹೊರಜಿಲ್ಲೆಯವನೊಬ್ಬನಿಗೆ ಬಿಟ್ಟುಕೊಟ್ಟಿದ್ದರು.

ಪ್ರವಾಸಿಗರು ಸುಳಿಯದ ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್ ನಡುವಿನ ತಿಂಗಳು) ಮಳೆಯಲ್ಲಿ ಆತ ಬಾಡಿಗೆಯ ಜೊತೆ ಹತ್ತು ಸಾವಿರ ರೂಪಾಯಿಯ ಲಕೋಟೆ ಕೊಟ್ಟು, “ಇದು ನಿಮಗೆ ಅಮ್ಮ, ವ್ಯಾಪಾರ ಚೆನ್ನಾಗಿದೆ” ಎಂದಿದ್ದ. ಈ ಮಳೆಯಲ್ಲಿ ಎಂಥ ವ್ಯಾಪಾರವೆಂದು ಅನುಮಾನ ಬಂದು ರಿಜಿಸ್ಟರ್ ತೆರೆದರೆ, ಮೂಲೆ ಹರಿದ ಒಂದೇ ಆಧಾರ್ ಕಾರ್ಡಿನ ಜೆರಾಕ್ಸ್ ಏಳು ಬೇರೆ ಬೇರೆ ಹೆಸರುಗಳ ಎದುರು ಅಂಟಿಕೊಂಡಿತ್ತು. ಮರುದಿನ ಅಲ್ಲಿದ್ದ ಯುವತಿಯೊಬ್ಬಳು ಬೇಲಿಯ ಬಳಿ ಬಂದು, “ಆಂಟಿ, ನಿಮ್ಮ ಫೋನ್ ಕೊಡಿ, ಒಂದು ಕರೆ ಮಾಡಿ ವಾಪಸ್ ಕೊಡ್ತೇನೆ, ಅವರಿಗೆ ಹೇಳಬೇಡಿ” ಎಂದಳಂತೆ. ಅಲ್ಲಿ ವೇಶ್ಯಾವೃತ್ತಿ ನಡೆಯುತ್ತಿದೆ ಎಂಬ ಸಂಶಯ ಅವರಿಗೆ ಬಂತು.

ಮರ್ಯಾದೆ ಹೋಗುವ ಮುನ್ನ ಅವನನ್ನು ಸದ್ದಿಲ್ಲದೆ ಬಿಡಿಸಿ ಕಳುಹಿಸಿ ಎಂಬುದು ಅಳಿಯನ ಮಾತು. ಅದನ್ನೇ ಮಾಡಲೇ ಎಂದು ಅವರು ಕೇಳಿದರು. ಬೇಡವೆಂದೆ.

ಅನೈತಿಕ ವ್ಯವಹಾರ (ತಡೆ) ಕಾಯ್ದೆ, 1956ರ 3ನೇ ಕಲಮಿನಂತೆ ವೇಶ್ಯಾಗೃಹ ನಡೆಸುವವನಿಗೆ ಮೊದಲ ಅಪರಾಧಕ್ಕೇ ಒಂದರಿಂದ ಮೂರು ವರ್ಷಗಳ ಕಠಿಣ ಸಜೆಯಿದೆ. ತಿಳಿದೂ ಕಟ್ಟಡ ಕೊಟ್ಟ ಅಥವಾ ಬೇಕೆಂದೇ ಆ ಬಳಕೆಗೆ ಜೊತೆಯಾದ ಮಾಲೀಕರಿಗೆ ಎರಡು ವರ್ಷಗಳವರೆಗೆ ಸಜೆಯಾಗಬಹುದು. (ದಂಡ ಮಾತ್ರ ಹೆಚ್ಚೆಂದರೆ 2000 ರೂಪಾಯಿ, ರಜೆಯ ದಿನಗಳಲ್ಲಿ ನಮ್ಮಲ್ಲಿ ಒಂದು ರಾತ್ರಿಯ ಕೋಣೆಗೂ ಸಾಲದ ಮೊತ್ತ.) 4ನೇ ಕಲಮು ಇನ್ನೊಬ್ಬರ ವೇಶ್ಯಾವೃತ್ತಿಯ ಗಳಿಕೆಯಲ್ಲಿ ತಿಳಿದೂ, ಭಾಗಶಃವಾದರೂ, ಜೀವಿಸುವ ಹದಿನೆಂಟು ದಾಟಿದ ಯಾರಿಗೂ ಅನ್ವಯಿಸುತ್ತದೆ, ಆ ಗಳಿಕೆ ಮಗುವಿನದೋ ಅಪ್ರಾಪ್ತರದೋ ಆದರೆ ಸಜೆ ಏಳರಿಂದ ಹತ್ತು ವರ್ಷ. ಎಲ್ಲವೂ ನಿಂತಿರುವುದು ‘ತಿಳಿದೂ’ ಎಂಬ ಪದದ ಮೇಲೆ. ಕಳೆದ ತಿಂಗಳು ಅವರಿಗೆ ತಿಳಿದಿರಲಿಲ್ಲ. ಆದರೆ ರಿಜಿಸ್ಟರ್ ನೋಡಿದ ಮೇಲೆ ಇನ್ನೊಂದು ಲಕೋಟೆ ತೆಗೆದುಕೊಂಡರೆ ಆ ಮಾತು ಹೇಳಲಾಗದು.

ಆತನನ್ನು ಮೊದಲೇ ಹೊರಹಾಕಿದರೆ ಫೋನ್ ಕೇಳಿದ ಹುಡುಗಿಯೂ ಅವನ ಜೊತೆಗೇ ಬೇರೊಂದು ತೋಟಕ್ಕೆ ಸಾಗುತ್ತಾಳೆ, ಸಾಕ್ಷ್ಯವೂ ಹೋಗುತ್ತದೆ. ಆದ್ದರಿಂದ ಅವನ ಜೊತೆ ಜಗಳವಾಡದೆ, ರಿಜಿಸ್ಟರನ್ನು ಮುಟ್ಟದೆ, ಲಕೋಟೆಯ ಹಣವನ್ನು ಖರ್ಚೂ ಮಾಡದೆ, ಹಿಂದಿರುಗಿಸದೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರೊಂದಿಗೆ ಪೊಲೀಸರಿಗೆ ಲಿಖಿತ ದೂರು ಕೊಡಲು ಹೇಳಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಈ ನೆರವು ಉಚಿತ, ಆದಾಯ ಕೇಳುವುದಿಲ್ಲ. ಹುಡುಗಿಯನ್ನು ಜೈಲಿಗೆ ಹಾಕುತ್ತಾರೇನೋ ಎಂಬ ಭಯ ಅವರಿಗಿತ್ತು. ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವ ವಯಸ್ಕ ಮಹಿಳೆಯರನ್ನೂ ದಾಳಿಯ ವೇಳೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿರ್ದೇಶಿಸಿದೆ. ಇವಳಂತೂ ಅಡಗಿ ಫೋನ್ ಕೇಳಿದವಳು ಎಂದು ವಿವರಿಸಿದೆ.

ನಾಲ್ಕು ದಿನ ಅವರು ಬರಲಿಲ್ಲ. ಐದನೆಯ ದಿನ ವಕೀಲರೊಂದಿಗೆ ಠಾಣೆಗೆ ಹೋದರು. ಇಬ್ಬರು ಯುವತಿಯರನ್ನು ರಕ್ಷಿಸಲಾಯಿತು, ಇಬ್ಬರೂ ವಯಸ್ಕರು. ಲಕೋಟೆ, ರಿಜಿಸ್ಟರ್ ಎರಡೂ ಮಹಜರಿಗೆ ಸೇರಿವೆ, ಮೊಕದ್ದಮೆ ನಡೆಯುತ್ತಿದೆ. ಅಳಿಯ ಆ ಮನೆಗೆ ಕಾಲಿಡುವುದನ್ನು ಬಿಟ್ಟಿದ್ದಾನೆ. ಮುಂದಿನ ಭೇಟಿಯಲ್ಲಿ ಆ ವಿಷಯಕ್ಕೆ ಬರಬೇಕಿದೆ.