ಬೆಳೆದ ಮನೆ, ನಂಬಿಕೆ, ಓಡಾಟ: ಇವು ಕಲಾಕೃತಿಯಲ್ಲಿ ಎಲ್ಲಿ ಕಾಣುತ್ತವೆ?

ಮಿಕ್ಸೆಡ್ ಮೀಡಿಯಾ, ಅಂದರೆ ಬಣ್ಣ, ಕಾಗದ, ಬಟ್ಟೆ ಹೀಗೆ ಬೇರೆ ಬೇರೆ ಸಾಮಾನು ಸೇರಿಸಿ ಮಾಡುವ ಕೆಲಸದೊಳಗೆ ಬೆಳೆದ ಮನೆ, ನಂಬಿಕೆ, ಓಡಾಟ ನಿಜಕ್ಕೂ ಬರುತ್ತವಾ, ಇಲ್ಲ ಪ್ರದರ್ಶನದ ದಿನ ಕಲಾವಿದರು ಹೇಳಿಕೊಳ್ಳುವ ಮಾತಾ ಅಂತ ಕೇಳಿದ್ದೀರಿ. ಬರುತ್ತವೆ. ಆದರೆ ಏನನ್ನು ಬಿಡಿಸುತ್ತೀರಿ ಅನ್ನುವುದಕ್ಕಿಂತ, ಕೈ ಯಾವ ಸಾಮಾನಿನ ಕಡೆ ಹೋಗುತ್ತದೆ ಅನ್ನುವುದರಲ್ಲೇ ಜಾಸ್ತಿ ಕಾಣುತ್ತವೆ.

ನಾನು ಸಕಲೇಶಪುರದ ಕಡೆಯವಳು. ಮನೆ ಮುಂದೆ ಕಾಫಿ ಕಣ. ಹರಿದ ಗೋಣಿಚೀಲಗಳನ್ನು ಅಮ್ಮ ದಬ್ಬಳ ಹಿಡಿದು ಹೊಲಿಯುತ್ತಿದ್ದರು, ತೂತಾದ ಕಡೆ ಇನ್ನೊಂದು ಚೀಲದ ತುಂಡು ಇಟ್ಟು, ಸುತ್ತ ದಪ್ಪ ದಪ್ಪ ಹೊಲಿಗೆ ಹಾಕಿ, ಕೊನೆಗೆ ಸುತಳಿ ದಾರ ಎಳೆದು ಗಂಟು. ಕೆಲವು ಚೀಲಗಳಲ್ಲಿ ತೇಪೆ ಮೇಲೆ ತೇಪೆ. ಈಗ ನಾನು ಗೋಣಿ ಮೇಲೆ ಕೆಲಸ ಮಾಡುತ್ತೇನೆ, ಹಳೇ ಕಾಗದ ಅಂಟಿಸುತ್ತೇನೆ, ಮಣ್ಣು ಬಳಿಯುತ್ತೇನೆ, ಅದರ ಮೇಲೆ ಹೊಲಿಯುತ್ತೇನೆ. ಹೊಲಿಗೆ ಮಾತ್ರ ಪೂರ್ತಿ ಅಮ್ಮನದೇ.

ನಂಬಿಕೆ ಅಂದ ಕೂಡಲೇ ಓಂಕಾರ, ದೇವರ ಮುಖ ಬರೆಯುವವರಿದ್ದಾರೆ. ನನ್ನ ಪ್ರಕಾರ ಅದು ನಂಬಿಕೆಯ ಅತಿ ಸಣ್ಣ ಭಾಗ. ನಮ್ಮ ಜಿಲ್ಲೆಯನ್ನೇ ನೋಡಿ. ಬೇಲೂರಿನಲ್ಲಿ 1117ರ ಚೆನ್ನಕೇಶವ ದೇವಸ್ಥಾನ, ಬಳಪದ ಕಲ್ಲಿನಲ್ಲಿ ಬಳೆ, ಉಗುರು ಎಲ್ಲ ಕೆತ್ತಿದ್ದಾರೆ. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಹಾಸನದಲ್ಲಿ ಹಾಸನಾಂಬೆ ಹುತ್ತದ ರೂಪದಲ್ಲಿದ್ದಾಳೆ. ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ ಮಾತ್ರ ಬಾಗಿಲು ತೆಗೆಯುತ್ತಾರೆ. ಜನ ಗಂಟೆಗಟ್ಟಲೆ ಸಾಲಲ್ಲಿ ನಿಂತು ಆ ಹುತ್ತಕ್ಕೆ ಕೈ ಮುಗಿಯುತ್ತಾರೆ. ಹಾಗೆ ಕೈ ಮುಗಿದು ಬೆಳೆದವಳಿಗೆ ಮಣ್ಣು ಬಣ್ಣಕ್ಕಿಂತ ಕಡಿಮೆ ಸಾಮಾನು ಅಂತ ಅನ್ನಿಸುವುದೇ ಇಲ್ಲ. ಅದಕ್ಕೆ ರೂಪ ಕೊಡಲೇಬೇಕು ಅಂತಲೂ ಅನ್ನಿಸುವುದಿಲ್ಲ.

ಓಡಾಟದ ವಿಷಯದಲ್ಲಿ ನನಗೆ ಬೀದರ್ ದೊಡ್ಡದು. ಅಲ್ಲಿಯ ಬಿದ್ರಿ ಲೋಹದ ಕೆಲಸದಲ್ಲಿ ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಆಮೇಲೆ ಹಳೇ ಕೋಟೆಯ ಮಣ್ಣನ್ನು ನವಸಾಗರ ಅನ್ನುವ ಲವಣದ ಜೊತೆ ನೀರಿಗೆ ಹಾಕಿ ಬಿಸಿ ಮಾಡಿ, ಅದರಲ್ಲಿ ಪಾತ್ರೆ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಅಲ್ಲಿಯ ಕುಶಲಕರ್ಮಿಗಳು ಆ ಮಣ್ಣನ್ನು ಆರಿಸುವ ಶ್ರದ್ಧೆ ನೋಡಿದ ಮೇಲೆ ನಾನು ಊರಿನ ಮಣ್ಣನ್ನು ಬೇರೆ ಬೇರೆ ತೋಟಗಳಿಂದ ತಂದು, ಬೇರೆ ಬೇರೆ ಡಬ್ಬಿಗಳಲ್ಲಿ ಇಡಲು ಶುರು ಮಾಡಿದೆ. ಬಟ್ಟೆಯಲ್ಲಿ ಜರಡಿ ಹಿಡಿದು, ಅಂಟು ಬೆರೆಸಿ, ತೆಳ್ಳಗೆ ಪದರ ಪದರವಾಗಿ ಬಳಿಯಬೇಕು. ಒಂದೇ ಸಲ ದಪ್ಪಗೆ ಬಳಿದರೆ ಒಣಗಿದಾಗ ಬಿರುಕು ಬಿಡುತ್ತದೆ. ಅರಿಶಿನ ಹಾಕುವುದಾದರೆ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ, ಇಲ್ಲದಿದ್ದರೆ ಆ ಹಳದಿ ಬೇಗ ಮಾಸುತ್ತದೆ.

ನೀವೂ ಕೆಲಸ ಮಾಡುವವರಾದರೆ ನಿಮ್ಮ ಮನೆಯ ಅಟ್ಟ, ಕೊಟ್ಟಿಗೆ ಒಮ್ಮೆ ಹುಡುಕಿ. ಏನು ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ಅದನ್ನು ಅಂಟಿಸುವುದು ಹೇಗೆ ಅಂತ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.